ಅಪ್ಪನ ಫಿಯಾಟನ್ನು ನಿಲ್ಲಿಸಿಕೊಂಡವರಿಗೆ

ಪುಣೆಯ ಕನ್ನಡ ಬಂಧುಗಳೇ,

ಈ ಪತ್ರ ಎಲ್ಲರಿಗೂ ಅಲ್ಲ. ಕೋಥರೂಡ್, ಕರ್ವೆನಗರ, ಔಂಧ್, ಬಿಬವೇವಾಡಿ, ಚಿಂಚವಡದ ಸೊಸೈಟಿಗಳ ಪಾರ್ಕಿಂಗಿನಲ್ಲಿ, ಮೂಲೆಯ ಕಂಬಕ್ಕೂ ನೀರಿನ ಪಂಪಿಗೂ ನಡುವೆ, ಅಪ್ಪನದೋ ಅಜ್ಜನದೋ ಕಾಕಾನದೋ ಒಂದು ಫಿಯಾಟನ್ನು ಕವರ್ ಹೊದಿಸಿ ನಿಲ್ಲಿಸಿದ್ದೀರಲ್ಲ, ನಿಮಗೆ. ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ನನ್ನ ಗಾಡಿಯ ಹತ್ತಿರ ನಿಲ್ಲುತ್ತೀರಿ. ಬಾನೆಟ್ ಸವರುತ್ತೀರಿ. ‘ನಮ್ಮ ಮನೆಯಲ್ಲೂ ಒಂದಿದೆ’ ಎನ್ನುತ್ತೀರಿ. ಓಡುತ್ತದೆಯೇ ಎಂದು ಕೇಳಿದರೆ ‘ರಿಟೈರ್ ಆದಮೇಲೆ ನೋಡಬೇಕು’ ಎಂದು ಮಾತು ಬದಲಿಸುತ್ತೀರಿ. ಆ ಮಾತಿಗೆ ನಿಂತಲ್ಲೇ ಉತ್ತರ ಕೊಡಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ನಿಂತ ಗಾಡಿ ನಿಮ್ಮ ರಿಟೈರ್‌ಮೆಂಟಿಗೆ ಕಾಯುವುದಿಲ್ಲ. ಓಡುವ ಗಾಡಿ ಸವೆಯುತ್ತದೆ, ನಿಂತ ಗಾಡಿ ಕೊಳೆಯುತ್ತದೆ; ಸವೆದದ್ದಕ್ಕೆ ಹೊಸ ಭಾಗ ಹಾಕಬಹುದು, ಕೊಳೆತದ್ದಕ್ಕೆ ಹಾಕುವುದು ಕಷ್ಟ. ಕವರ್ ಹೊದಿಸಿದರೆ ಕಾಪಾಡಿದಂತಾಯಿತು ಎಂದುಕೊಂಡವರಿಗೆ ಇನ್ನೊಂದು ಸುದ್ದಿ: ಪುಣೆಯ ಮಳೆಗಾಲದಲ್ಲಿ ಆ ಪ್ಲಾಸ್ಟಿಕ್ ಕವರಿನೊಳಗೆ ಸೇರಿದ ತೇವ ಹೊರಗೆ ಹೋಗುವುದಿಲ್ಲ. ತುಕ್ಕು ಹಿಡಿಸುವುದು ಅದೇ.

ನಮ್ಮದು ತಂದೆಯವರು ಹುಬ್ಬಳ್ಳಿಯಲ್ಲಿ ಕೊಂಡ 1968ರ ಫಿಯಾಟ್ ಡಿಲೈಟ್. ನಂಬರ್ ಪ್ಲೇಟಿನಲ್ಲಿ ‘ಎಂವೈ’ ಇದೆ, ಅಂದರೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವ ಮೊದಲಿನದು. ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರು, ಮುಂದೆ ಮೂವರು ಕೂರುವ ಉದ್ದನೆಯ ಸೀಟು, 1089 ಸಿಸಿಯ ಎಂಜಿನ್ನು. ಇದೇ ಎಂಜಿನ್ನಿನ ಗಾಡಿ 1964ರ ಡಿಲೈಟಿನಿಂದ ಹಿಡಿದು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಎಂದು ಹೆಸರು ಬದಲಾಯಿಸಿಕೊಳ್ಳುತ್ತ 2000ದ ಆಸುಪಾಸಿನವರೆಗೂ ಕುರ್ಲಾದ ಕಾರ್ಖಾನೆಯಿಂದ ಹೊರಬಂತು. ಜಗತ್ತು ನಮ್ಮನ್ನು ನೋಡಿ ನಕ್ಕದ್ದು ಇದಕ್ಕೇ: ಮೂವತ್ತೈದು ವರ್ಷ ಅದೇ ಗಾಡಿ. ಆದರೆ ಇವತ್ತು ನಿಮಗೆ ಅದೇ ವರ. ಮುಂಬೈಯ ಕಾಲಿ-ಪೀಲಿ ಟ್ಯಾಕ್ಸಿಗಳೆಲ್ಲ ಇದೇ ಗಾಡಿಯಾಗಿದ್ದರಿಂದ ಬೇರಿಂಗು, ಗ್ಯಾಸ್ಕೆಟ್, ಕ್ಲಚ್ ಪ್ಲೇಟು, ವಾಟರ್ ಪಂಪಿನ ಕಿಟ್ಟು ಈಗಲೂ ಸಿಗುತ್ತವೆ. ಎಷ್ಟು ದಿನ ಸಿಗುತ್ತವೆ ಎಂಬುದು ಬೇರೆ ಮಾತು. ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬೈಯ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಗಿರಾಕಿ ಇಲ್ಲದ ಮಾಲನ್ನು ಅಂಗಡಿಯವರು ಯಾಕೆ ತರಿಸುತ್ತಾರೆ?

ಈ ಗಾಡಿ ಇಟಲಿಯದು, ಮುಂಬೈಯದು ಎಂದು ನೀವು ತಿಳಿದಿರಬಹುದು. ಇದಕ್ಕೆ ಪುಣೆಯ ನಂಟೂ ಇದೆ, ನಮ್ಮವರ ನಂಟೂ ಇದೆ. ಇಲ್ಲಿನ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಓದಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿದ, 1903ರಲ್ಲಿ ಖಡಕ್‌ವಾಸಲಾಕ್ಕೆ ತಾವಾಗಿ ತೆರೆದುಕೊಳ್ಳುವ ಗೇಟು ಕೂರಿಸಿದ ವಿಶ್ವೇಶ್ವರಯ್ಯನವರು, ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಮೂವತ್ತರ ದಶಕದಲ್ಲಿ, ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಯೋಜನೆ ಹಿಡಿದು ಓಡಾಡಿದರು. ವಯಸ್ಸು ಎಪ್ಪತ್ತು ದಾಟಿತ್ತು. ಅಮೆರಿಕ, ಯುರೋಪಿನ ಕಾರ್ಖಾನೆಗಳನ್ನು ನೋಡಿಬಂದರು. ಬ್ರಿಟಿಷ್ ಸರ್ಕಾರ ಒಪ್ಪಿಗೆಯ ಮಾತನ್ನೇ ಆಡಲಿಲ್ಲ. ಆ ಯೋಜನೆಯಲ್ಲಿ ಅವರ ಜೊತೆ ನಿಂತವರು ಸೋಲಾಪುರದ ವಾಲ್‌ಚಂದ್ ಹೀರಾಚಂದ್. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುಮಾಡಿದವರೂ ಅವರೇ. ಕಾರಿನ ಕನಸನ್ನು ಬಿಡದೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸಿ ಮಾರಿದ ಕಂಪನಿ ಆಮೇಲೆ ಫಿಯಾಟಿಗೆ ತಿರುಗಿತು. ಅಂದಮೇಲೆ ನಿಮ್ಮ ಪಾರ್ಕಿಂಗಿನಲ್ಲಿ ನಿಂತಿರುವುದು ಆ ಹಟದ ಕೊನೆಯ ಫಲ. ಅದರ ಮೇಲೆ ಸೊಸೈಟಿಯ ಹುಡುಗರು ಬೆರಳಿನಿಂದ ‘ವಾಶ್ ಮಿ’ ಎಂದು ಬರೆದಿದ್ದಾರೆ. ಪುಣೇರಿ ಪಾಟಿಗಳ, ಅಂದರೆ ಕುಟುಕು ಫಲಕಗಳ, ಊರಿನಲ್ಲಿ ಇಷ್ಟು ಸಪ್ಪೆ ಬರಹ ಬಂದದ್ದೇ ಬೇಜಾರು.

ಆ ಕಾಲದಲ್ಲಿ ಫಿಯಾಟು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಬೆಲೆಯ ಮೇಲೆ ಸರ್ಕಾರದ ಹಿಡಿತ ಇತ್ತು. ಆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೈಗೆ ಬಂದ ಹೊಸ ಗಾಡಿಯನ್ನು ಅದೇ ದಿನ ಮಾರಿದರೂ ಲಾಭ ಸಿಗುತ್ತಿತ್ತು. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ 12,000 ರೂಪಾಯಿಯ ಫಿಯಾಟಿಗೆ ಹಣ ಸಾಲದೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ಸಾಲ ತೆಗೆದದ್ದು, ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ಆ ಸಾಲ ತೀರಿಸಿದ್ದು ಎಲ್ಲರಿಗೂ ಗೊತ್ತು. ಆ ಗಾಡಿ ದೆಹಲಿಯ ಅವರ ಸ್ಮಾರಕದಲ್ಲಿ ನಿಂತಿದೆ. ಅದು ಅಲ್ಲಿ ನಿಲ್ಲುವುದಕ್ಕೆ ಅರ್ಥವಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನು ಜನ ಸಾಲುಗಟ್ಟಿ ನೋಡುವುದಕ್ಕೂ ಅರ್ಥವಿದೆ. ನಿಮ್ಮ ತಂದೆಯವರ ಗಾಡಿಯನ್ನು ಸಾಲುಗಟ್ಟಿ ನೋಡುವವರು ಯಾರೂ ಇಲ್ಲ. ಅದು ಮನೆಮಂದಿಯನ್ನು ಕೂರಿಸಿಕೊಂಡು ಹೋಗಲಿಕ್ಕೆಂದು ತಂದದ್ದು.

ಇನ್ನು ಕೆಲಸದ ಮಾತು. ಬಹಳಷ್ಟು ಮಂದಿ ಮೊದಲು ಮಿಸ್ತ್ರಿಯನ್ನು ಹುಡುಕುತ್ತಾರೆ. ನನ್ನ ಮಾತು ಕೇಳಿ, ಮೊದಲು ಕಾಗದ ಹುಡುಕಿ. ಎಂಜಿನ್ ಕೆಟ್ಟು ನಿಂತ ಗಾಡಿಗಳಿಗಿಂತ ಕಾಗದ ಕೆಟ್ಟು ನಿಂತ ಗಾಡಿಗಳೇ ಹೆಚ್ಚು. ಅಪ್ಪ ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ತಿಥಿಯ ಓಡಾಟದಲ್ಲಿ ಯಾರಿಗೆ ಇದು ನೆನಪಾಗುತ್ತದೆ? ಹೀಗಾಗಿ ಆರ್‌ಸಿ ಅಪ್ಪನ ಹೆಸರಿನಲ್ಲೇ ಉಳಿಯುತ್ತದೆ. ಮರಣ ಪ್ರಮಾಣಪತ್ರ, ವಾರಸುದಾರರ ಕಾಗದ, ಉಳಿದ ಅಣ್ಣತಮ್ಮ ಅಕ್ಕತಂಗಿಯರು ತಮ್ಮ ಅಭ್ಯಂತರವಿಲ್ಲವೆಂದು ಕೊಡುವ ಅಫಿಡವಿಟ್ಟು, ಇವಿಷ್ಟು ಕೂಡಿಬರಬೇಕು. ಬೆಳಗಾವಿಯಲ್ಲಿರುವ ಅಣ್ಣ, ಬೆಂಗಳೂರಿನ ಅಕ್ಕ, ಅಮೆರಿಕದ ತಮ್ಮ. ಮೂವರ ಸಹಿ ಆಗುವಷ್ಟರಲ್ಲಿ ಎಂಜಿನ್ ಎರಡು ಸಲ ಕಟ್ಟಬಹುದು. ಅದರಲ್ಲೂ ‘ಗಾಡಿಗೆ ಈಗ ಬೆಲೆ ಬಂದಿದೆಯಂತೆ’ ಎಂಬ ಮಾತು ಯಾರ ಕಿವಿಗಾದರೂ ಬಿದ್ದರೆ ಮುಗಿಯಿತು. ದಯವಿಟ್ಟು ಈ ಮಾತನ್ನು ಮೊದಲೇ ಕೂತು ಬಗೆಹರಿಸಿ: ಗಾಡಿ ಯಾರ ಹೆಸರಿಗೆ, ಖರ್ಚು ಯಾರದು, ಮುಂದೆ ಮಾರಿದರೆ ಹಣ ಯಾರಿಗೆ. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ.

ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25, ತಪಾಸಣೆ, ಐದೈದು ವರ್ಷಕ್ಕೊಮ್ಮೆ ನವೀಕರಣ. ಕಾರಿನ ನವೀಕರಣ ಶುಲ್ಕ 2022ರಲ್ಲಿ 5,000 ಆಯಿತು; 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ಏರಿತು. ಅದರ ಮೇಲೆ ಮಹಾರಾಷ್ಟ್ರದ ಪರಿಸರ ತೆರಿಗೆ, ತಡವಾದದ್ದಕ್ಕೆ ದಂಡ, ಹೊಸ ಭದ್ರತಾ ನಂಬರ್ ಪ್ಲೇಟು, ವಿಮೆ, ಪಿಯುಸಿ. ಕರ್ನಾಟಕದ ನಂಬರಿನ ಗಾಡಿ ಎಂದರೆ ಊರಿನ ಆರ್‌ಟಿಓದಿಂದ ಎನ್‌ಓಸಿ ತಂದು ಇಲ್ಲಿ ಮತ್ತೆ ನೋಂದಣಿ. ಹಳೆಯ ಆರ್‌ಸಿ ಪುಸ್ತಕದ ವಿವರ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅದನ್ನು ಮೊದಲು ಏರಿಸಬೇಕು. ನನ್ನ ಕಡತ ಒಂದು ಕಚೇರಿಯಲ್ಲಿ ಕಳೆದೇ ಹೋಗಿತ್ತು. ಹಳೆಯ ರಿಜಿಸ್ಟರನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿ ನಮ್ಮ ನಂಬರ್ ಹುಡುಕಿಕೊಟ್ಟವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಗುಮಾಸ್ತರು. ಅಂಥವರು ಇರುವಾಗಲೇ ಹೋಗಿ.

ಕಾಗದ ಸಿಕ್ಕ ಕೂಡಲೇ ಬಾನೆಟ್ ತೆಗೆದು ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ಹೊಂದುತ್ತವೆಯೇ ನೋಡಿ. ಎಂಬತ್ತರ ದಶಕದಲ್ಲಿ ಎಷ್ಟೋ ಮಂದಿ ಹಳೆ ಎಂಜಿನ್ ತೆಗೆಸಿ ಗುಜರಿಯಿಂದ ಇನ್ನೊಂದು ತಂದು ಕೂರಿಸಿದರು, ಕಾಗದದಲ್ಲಿ ಬರೆಸಲಿಲ್ಲ. ಅದು ಈಗ ನಿಮ್ಮ ಕುತ್ತಿಗೆಗೆ ಬರುತ್ತದೆ. ಚಾಸಿ ನಂಬರಿನ ಮೇಲೆ ಟೇಪು ಅಂಟಿಸಿ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಡಿ. ಟಿಂಕರಿಗೆ ಆ ಜಾಗ ತೋರಿಸಿ, ಅಲ್ಲಿ ಗ್ರೈಂಡರ್ ಹಿಡಿಯಬೇಡ, ಪುಟ್ಟಿ ಬಳಿಯಬೇಡ ಎಂದು ಎರಡು ಸಲ ಹೇಳಿ. ನಂಬರ್ ಅಳಿಸಿಹೋದ ಗಾಡಿಗೆ ಎಷ್ಟು ಬಣ್ಣ ಬಳಿದರೂ ಅದು ಕಬ್ಬಿಣವೇ.

ಇಲ್ಲಿ ಒಂದು ಎಚ್ಚರಿಕೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈಯಿಂದ ಬೇರೆ ನಿಯಮ ಬಂದಿದೆ. 20,000 ರೂಪಾಯಿ ಕೊಟ್ಟರೆ ಹತ್ತು ವರ್ಷದ ವಿಂಟೇಜ್ ನೋಂದಣಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಏಜೆಂಟರು ಇದನ್ನೇ ಮುಂದೆ ಮಾಡುತ್ತಾರೆ, ಕೇಳಲು ಗತ್ತಾಗಿಯೂ ಇದೆ. ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಬಂಕು, ಇಷ್ಟಕ್ಕೆ ಮಾತ್ರ. ಭಾನುವಾರ ಅವ್ವನನ್ನು ಕೂರಿಸಿಕೊಂಡು ಸಾರಸಬಾಗಿನ ಗಣಪತಿಗೆ ಹೋಗಬೇಕೆನ್ನುವವರು ಅದರ ಸಹವಾಸಕ್ಕೆ ಹೋಗಬೇಡಿ. ಸಾಮಾನ್ಯ ನವೀಕರಣವನ್ನೇ ಮಾಡಿಸಿ. ಹಾಗೆಯೇ, ಹದಿನೈದು ವರ್ಷವಾದ ಪೆಟ್ರೋಲ್ ಕಾರು ಓಡಿಸುವಂತಿಲ್ಲ ಎಂದು ಪಾರ್ಕಿಂಗಿನಲ್ಲಿ ಹೆದರಿಸುವ ನೆರೆಯವರಿಗೆ ಹೇಳಿ, ಅದು ದೆಹಲಿಯ ಸುತ್ತಮುತ್ತಲ ವ್ಯಾಜ್ಯ, ಪುಣೆಯದಲ್ಲ.

ಈಗ ಗಾಡಿ. ವರ್ಷಗಟ್ಟಲೆ ನಿಂತದ್ದಕ್ಕೆ ಹೊಸ ಬ್ಯಾಟರಿ ತಂದು ಕೀ ತಿರುವುವುದು ಅದಕ್ಕೆ ಮಾಡುವ ದೊಡ್ಡ ಅನ್ಯಾಯ. ಸಿಲಿಂಡರಿನ ಗೋಡೆಯಲ್ಲಿ ಎಣ್ಣೆ ಒಣಗಿ ಪಿಸ್ಟನ್ ರಿಂಗುಗಳು ಕಚ್ಚಿಕೊಂಡಿರುತ್ತವೆ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಕೆಲವು ದಿನ ಹಾಗೇ ನೆನೆಯಲು ಬಿಡಿ. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಸರಾಗವಾಗಿ ತಿರುಗಿದರೆ ನಿಮ್ಮ ಪುಣ್ಯ. ಅಷ್ಟರಲ್ಲಿ ಹಳೆಯ ಎಂಜಿನ್ ಆಯಿಲ್, ರೇಡಿಯೇಟರಿನ ಕೆಂಪು ನೀರು, ಟ್ಯಾಂಕಿನ ಪೆಟ್ರೋಲು ಮೂರನ್ನೂ ಇಳಿಸಿರಬೇಕು. ಟ್ಯಾಂಕಿನಿಂದ ಬರುವುದನ್ನು ಮೂಸಿ ನೋಡಿದರೆ ಪೆಟ್ರೋಲಿನ ವಾಸನೆಯೇ ಇರುವುದಿಲ್ಲ, ವಾರ್ನಿಶ್ ನಾತ. ಅದೇ ಅಂಟು ಕಾರ್ಬುರೇಟರಿನ ಜೆಟ್ಟುಗಳಲ್ಲೂ ಕೂತಿರುತ್ತದೆ. ಟ್ಯಾಂಕ್ ಇಳಿಸಿ, ತೊಳೆಸಿ, ಒಳಗೆ ತುಕ್ಕಿದ್ದರೆ ತೆಗೆಸದೆ ಮುಂದೆ ಹೋಗಬೇಡಿ. ಇಲ್ಲವಾದರೆ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ಮತ್ತೆ ಕಟ್ಟುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ ಗ್ಯಾಪ್ ಹೊಂದಿಸಿ, ಕಂಡೆನ್ಸರ್ ಹೊಸದು ಹಾಕಿ. ವೈರಿಂಗನ್ನು ಇಲಿ ಬಿಟ್ಟಿರುವುದಿಲ್ಲ. ತೇಪೆ ಹಾಕಬೇಡಿ, ಪೂರ್ತಿ ಬದಲಾಯಿಸಿ. ಹಳೆಯ ಗಾಡಿಗಳು ಸುಟ್ಟುಹೋಗುವುದು ಬಹಳ ಸಲ ಇಂಥ ತೇಪೆಯ ವೈರಿನಿಂದ, ಇಲ್ಲವೇ ಸೋರುವ ಪೆಟ್ರೋಲ್ ಪೈಪಿನಿಂದ.

ಪೆಟ್ರೋಲ್ ಪೈಪಿನ ಮಾತು ಬಂತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತದ್ದು. ನಮ್ಮ ಗಾಡಿಗಳ ರಬ್ಬರು ಅದಕ್ಕೆ ಹುಟ್ಟಿದ್ದಲ್ಲ. ಪೆಟ್ರೋಲ್ ಎಳೆಯುವ ಎಸಿ ಪಂಪಿನ ಡಯಾಫ್ರಮ್ಮು, ಕಾರ್ಬುರೇಟರಿನ ಡಯಾಫ್ರಮ್ಮು, ಮೆದು ಪೈಪುಗಳು ಉಬ್ಬಿ ಬಿರಿಯುತ್ತವೆ. ಎಥನಾಲು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಟ್ಯಾಂಕಿನ ತಳದಲ್ಲಿ ನೀರು ಕೂಡಿ ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಪೈಪು, ಕಿಟ್ಟು ಕೇಳಿ ಹಾಕಿಸಿ. ತಿಂಗಳುಗಟ್ಟಲೆ ಅದೇ ಪೆಟ್ರೋಲನ್ನು ಟ್ಯಾಂಕಿನಲ್ಲಿ ಕೊಳೆಯಲು ಬಿಡಬೇಡಿ. ಇದಕ್ಕೆ ಎಲ್ಲಕ್ಕಿಂತ ಅಗ್ಗದ ಮದ್ದು ವಾರಕ್ಕೊಮ್ಮೆ ಓಡಿಸುವುದು.

ಎಂಜಿನ್ ಗುಟುರು ಹಾಕಿದ ದಿನ ಮನೆಯಲ್ಲಿ ಸಿಹಿ ಮಾಡುತ್ತೀರಿ, ಮಾಡಿ. ಆದರೆ ಗೇಟು ದಾಟಿಸಬೇಡಿ. ಗಾಡಿ ಹೊರಡದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ನಿಲ್ಲದಿದ್ದರೆ ಆಗುತ್ತದೆ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಹಳೆಯ ಗಾಡಿಗಳಲ್ಲಿ ಬ್ರೇಕ್ ಆಯಿಲಿನ ಲೈನು ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರುಗಳು, ರಬ್ಬರ್ ಹೋಸುಗಳು, ತುಕ್ಕು ಹಿಡಿದ ಲೋಹದ ಪೈಪುಗಳು, ಲೈನರು, ಯಾವುದನ್ನೂ ‘ಇನ್ನೂ ನಡೆಯುತ್ತದೆ’ ಎಂದು ಉಳಿಸಿಕೊಳ್ಳಬೇಡಿ. ಟೈರಿನ ಹೂವು ನೋಡಿ ಮೋಸ ಹೋಗಬೇಡಿ. ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಅದು ಸತ್ತ ಟೈರು. ಈ ಗಾಡಿಯ 5.20-14 ಅಳತೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ಹೇಳಿ ತರಿಸಿ. ಕರ್ವೆ ರಸ್ತೆಯಲ್ಲಿ ಸಂಜೆ ಆರಕ್ಕೆ ಎಡದಿಂದ ಬಲಕ್ಕೆ ನುಗ್ಗುವ ಸ್ಕೂಟರಿಗೆ ನಿಮ್ಮ ಗಾಡಿ 1968ರದು ಎಂದು ಗೊತ್ತಿರುವುದಿಲ್ಲ.

ಬಣ್ಣ ಕೊನೆಗೆ. ಎಲ್ಲಕ್ಕಿಂತ ಕೊನೆಗೆ. ಇದನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಹೊಳೆಯುವ ಬಣ್ಣ, ಹೊಸ ಕ್ರೋಮು, ಹೊಸ ರೆಕ್ಸಿನ್ ಹಾಕಿಸಿ ದುಡ್ಡು ಮುಗಿದು, ಬ್ರೇಕಿಲ್ಲದೆ ಮತ್ತೆ ಅದೇ ಕಂಬದ ಪಕ್ಕ ನಿಂತ ಗಾಡಿಗಳನ್ನು ನೋಡಿದ್ದೇನೆ. ಆ ದುಡ್ಡು ಮೊದಲು ತಳಕ್ಕೆ ಹೋಗಲಿ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಕುಟ್ಟಿ. ಒಳಗೆ ಹೋದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಹೊಸ ತಗಡು ಬೆಸೆಯಬಲ್ಲ ಟಿಂಕರ್ ಬೇಕು, ಪುಟ್ಟಿ ಬಳಿಯುವವರು ಬೀದಿಗೊಬ್ಬರಿದ್ದಾರೆ. ಕೆಲಸ ನಡೆಯುವಾಗ ಫೋಟೊ ಕಳಿಸು ಎಂದು ಸುಮ್ಮನಿರಬೇಡಿ, ಹೋಗಿ ನೋಡಿ.

ಸಾಮಾನಿಗೆ ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಂದ ಶುರುಮಾಡಿ. ಬುಧವಾರ, ಭಾನುವಾರ ಜುನಾ ಬಜಾರಿನಲ್ಲಿ ಅದೃಷ್ಟ ಇದ್ದರೆ ಡೋರ್ ಹ್ಯಾಂಡಲ್ಲು, ಮೀಟರು ಸಿಗುತ್ತವೆ. ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯನ್ನೂ ಕೇಳಿ ನೋಡಿ. ಎಂಜಿನ್ ಸಾಮಾನು ಸುಲಭ; ಡಿಲೈಟಿನದೇ ಗ್ರಿಲ್ಲು, ಟೇಲ್ ಲ್ಯಾಂಪು ಕಷ್ಟ. ಬಾಗಿಲು ಹಿಂದಕ್ಕೆ ತೆರೆದುಕೊಳ್ಳುವ, ಮುಂಬೈಯವರು ಡುಕ್ಕರ್ ಎಂದು ಕರೆಯುವ ಐವತ್ತರ ದಶಕದ ಗಾಡಿ ನಿಮ್ಮಲ್ಲಿದ್ದರೆ ಇನ್ನೂ ಕಷ್ಟ, ಆದರೆ ಅದನ್ನು ನಿಲ್ಲಿಸಿಟ್ಟಿರುವುದು ಇನ್ನೂ ದೊಡ್ಡ ತಪ್ಪು. ಬಿಚ್ಚಿದ ಯಾವ ಭಾಗವನ್ನೂ ಗ್ಯಾರೇಜಿನಲ್ಲಿ ಬಿಡಬೇಡಿ. ಡಬ್ಬಿಗೆ ಹಾಕಿ ಮನೆಗೆ ತನ್ನಿ.

ಮಿಸ್ತ್ರಿಯ ವಿಷಯ. ಕಂಪ್ಯೂಟರ್ ಜೋಡಿಸಿ ದೋಷ ಹೇಳುವ ಹುಡುಗರು ಈ ಗಾಡಿಗೆ ಬೇಡ. ಚೋಕ್ ಎಳೆದು, ಸದ್ದು ಕೇಳಿ ‘ಟಪೆಟ್ ಸಡಿಲ’ ಎನ್ನುವವರು ಬೇಕು. ಪೇಠೆಗಳ ಒಳಗಲ್ಲಿಗಳಲ್ಲಿ ಇನ್ನೂ ಇದ್ದಾರೆ. ಎಲ್ಲರಿಗೂ ಅರವತ್ತು ದಾಟಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಅವರು ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ರಸೀದಿ ಸಿಗುವುದಿಲ್ಲ. ಚೌಕಾಸಿ ಮಾಡಬೇಡಿ. ಅವರ ಪಕ್ಕದಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ನಾಲ್ಕು ಭಾನುವಾರ ಕೂರಿಸಿ.

ಓಡತೊಡಗಿದ ಮೇಲೆ ಒಂದು ಮಾತು ನೆನಪಿಡಿ: ಈ ಎಂಜಿನ್ನಿನ ಹೆಡ್ಡು ಅಲ್ಯುಮಿನಿಯಮ್ಮಿನದು, ಕಾದರೆ ಸೊಟ್ಟಗಾಗುತ್ತದೆ. ಊರಿಗೆ ಹೋಗುವ ಉಮೇದಿನಲ್ಲಿ ಮೇ ತಿಂಗಳ ಮಧ್ಯಾಹ್ನ ಖಂಬಾಟ್ಕಿ ಘಾಟ್ ಹತ್ತಿಸಬೇಡಿ. ನಸುಕಿನಲ್ಲಿ ಹೊರಡಿ, ಮೀಟರಿನ ಮೇಲೆ ಕಣ್ಣಿಡಿ, ಮುಳ್ಳು ಏರಿದರೆ ನಾಚಿಕೆಯಿಲ್ಲದೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ ಎಂದು ನಮ್ಮ ತಂದೆಯವರ ಕಾಲದವರಿಗೆ ಹೇಳಬೇಕಿರಲಿಲ್ಲ, ಈಗಿನವರಿಗೆ ಹೇಳಬೇಕು.

ಇಷ್ಟೆಲ್ಲ ಓದಿ ‘ನಮ್ಮಿಂದಾಗದು’ ಅನ್ನಿಸಿದರೆ ಅದೂ ಸರಿಯೇ. ಗಾಡಿಯ ಬೆಲೆಗಿಂತ ರಿಪೇರಿಯ ಖರ್ಚು ಹೆಚ್ಚಾಗುವುದು ಖಂಡಿತ, ಲಾಭದ ಆಸೆಯಿಂದ ಇದಕ್ಕೆ ಕೈಹಾಕಬೇಡಿ. ಆದರೆ ಆಗದು ಎಂದ ಮೇಲೆ ಇಟ್ಟುಕೊಳ್ಳಬೇಡಿ. ಓಡಿಸುವವರಿಗೆ ಕಾಗದ ಸಮೇತ ಕೊಟ್ಟುಬಿಡಿ, ಚೌಕಾಸಿ ಕಡಿಮೆ ಮಾಡಿ. ಪೂರ್ತಿ ತುಕ್ಕು ತಿಂದಿದ್ದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ. ಅದಕ್ಕೂ ಮೊದಲು ಕೆಲಸಕ್ಕೆ ಬರುವ ಭಾಗಗಳು ನಮ್ಮಂಥವರ ಕೈಸೇರಲಿ. ಅಪ್ಪನ ನೆನಪಿಗೆ ಸ್ಟಿಯರಿಂಗ್ ಚಕ್ರವೊಂದನ್ನು ಇಟ್ಟುಕೊಂಡರೆ ಸಾಕು. ಅಂಬಾಸಿಡರ್ ಇಟ್ಟುಕೊಂಡವರಿಗೂ ಇದೇ ಮಾತು. ಅದರ ತಯಾರಿಕೆ 2014ರಲ್ಲಿ ನಿಂತಿತು, ಸಾಮಾನು ನಮಗಿಂತ ಸುಲಭವಾಗಿ ಸಿಗುತ್ತದೆ. ನಿಮಗಂತೂ ನೆಪವೇ ಇಲ್ಲ.

ಈ ಭಾನುವಾರ ಕವರ್ ತೆಗೆದು ಟ್ಯಾಂಕಿನ ಪೆಟ್ರೋಲ್ ಇಳಿಸಿ. ಅದೇ ಸಂಜೆ ಅಣ್ಣನಿಗೂ ಅಕ್ಕನಿಗೂ ಫೋನ್ ಮಾಡಿ ಫಾರಂ 31ರ ಮಾತು ತೆಗೆಯಿರಿ. ಎರಡರಲ್ಲಿ ಎರಡನೆಯದೇ ಕಷ್ಟ, ಹಾಗಾಗಿ ಅದನ್ನು ಮುಂದೂಡಬೇಡಿ.

ಇಂತಿ ನಿಮ್ಮವ,
ಕೋಥರೂಡಿನ ಒಬ್ಬ ಡಿಲೈಟ್ ಮಾಲೀಕ